ಲ್ಯಾಪ್‌ಟಾಪಲ್ಲಿ ವೈಫೈ ಎರಡೇ ಕಡ್ಡಿ: ಮೆತ್ತಿನ (ಮಹಡಿ) ಮೇಲೆ ಕೂತು ನಾನು ಸರಿ ಮಾಡ್ಕೊಂಡಿದ್ದು ಹೀಗೆ

ವೈಫೈ ವೀಕ್ ಅಂತ ಯಾರ ಹತ್ರ ಹೇಳಿದ್ರೂ ಬರೋ ಮೊದಲ ಮಾತು "ಒಂದು ರಿಪೀಟರ್ ತಗೊಳೋ ಮಾರಾಯ" ಅಂತಾನೇ, ಅಂದ್ರೆ ರೌಟರ್ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ಡಬ್ಬಿ. ನಾನು ಹೇಳೋದು, ದುಡ್ಡು ಬಿಚ್ಚೋಕೆ ಮುಂಚೆ ಫೋನನ್ನ ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟು ನೋಡಿ. ಎರಡೂ ಒಂದೇ ರೌಟರ್‌ಗೆ, ಒಂದೇ ಬ್ಯಾಂಡಿಗೆ ಕನೆಕ್ಟ್ ಆಗಿರ್ಬೇಕು, ಒಂದು 2.4 ಗಿಗಾಹರ್ಟ್ಸಲ್ಲಿ ಇನ್ನೊಂದು 5ರಲ್ಲಿ ಇದ್ರೆ ಹೋಲಿಸಿ ಪ್ರಯೋಜನ ಇಲ್ಲ. ಫೋನಲ್ಲಿ ಚೆನ್ನಾಗಿದ್ದು ಲ್ಯಾಪ್‌ಟಾಪ್ ಮಾತ್ರ ಒದ್ದಾಡ್ತಿದ್ರೆ ತೊಂದ್ರೆ ಲ್ಯಾಪ್‌ಟಾಪಲ್ಲೇ. ಎರಡೂ ಒದ್ದಾಡಿದ್ರೆ ಗೋಡೆ, ದೂರ, ರೌಟರ್ ಜಾಗ. ರೌಟರ್ ಮುಂದೇನೇ ಕೂತ್ರೂ ಸ್ಲೋ ಅಂದ್ರೆ ಲೈನೋ ರೌಟರೋ ಸರಿ ಇಲ್ಲ, ಫೈಬರ್ ಹಾಕಿದೋರಿಗೆ ಫೋನ್ ಮಾಡಿ.

ನಮ್ಮದು ಮಲೆನಾಡಲ್ಲಿ ಸಾಗರದ ಕಡೆ ತೋಟದ ಮನೆ, ಜಂಬಿಟ್ಟಿಗೆ (ಕೆಂಪು ಕಲ್ಲು) ಗೋಡೆ, ಕಿಟಕಿ ಕಟ್ಟೆಲಿ ಒಬ್ರು ಆರಾಮಾಗಿ ಕೂರಬಹುದು ಅಷ್ಟು ದಪ್ಪ. ಫೈಬರ್ ಬಾಕ್ಸ್ ಜಗಲಿಲಿ, ನಾನು ಕಂಪನಿ ಕೆಲಸ ಮಾಡೋದು ಮೆತ್ತಿನ ಮೇಲೆ. ಗೋಡೆದೇ ಕಾಟ ಅಂತ ಮನೆಯವ್ರೆಲ್ಲ ತೀರ್ಮಾನ ಮಾಡಿ ಆಗಿತ್ತು. ಆದ್ರೆ ಅದೇ ಮೇಜಿನ ಮೇಲೆ ಫೋನಲ್ಲಿ ವಿಡಿಯೋ ಸರಾಗವಾಗಿ ಓಡ್ತಿತ್ತು, ಲ್ಯಾಪ್‌ಟಾಪಲ್ಲಿ ಮೀಟಿಂಗ್ ಶುರುವಾದ್ರೆ ನನ್ನ ಮುಖ ಬಾಯಿ ತೆರ್ಕೊಂಡು ಹಾಗೇ ನಿಂತಿರೋದು.

ಕಡ್ಡಿ ನಂಬಬೇಡಿ, ನಂಬರ್ ನೋಡಿ. ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು netsh wlan show interfaces ಅಂತ ಹೊಡೆದ್ರೆ ಸಿಗ್ನಲ್ ಎಷ್ಟು ಪರ್ಸೆಂಟ್, ಯಾವ ಚಾನೆಲ್, ರಿಸೀವ್ ರೇಟ್ ಎಷ್ಟು ಎಲ್ಲಾ ಬರತ್ತೆ. ನಂದು 38 ಪರ್ಸೆಂಟ್. ಅದರಲ್ಲಿ ಅರ್ಧ ಮಾಡಿ 100 ಕಳೆದ್ರೆ ಹೆಚ್ಚುಕಮ್ಮಿ ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆ ಹತ್ರ ಬಂದಷ್ಟೂ ಗಟ್ಟಿ) ಲೆಕ್ಕ ಸಿಗತ್ತೆ, ಅಂದ್ರೆ ಮೈನಸ್ 81. ವಿಡಿಯೋ ಕಾಲ್ ನೆಟ್ಟಗೆ ನಡೀಬೇಕು ಅಂದ್ರೆ ಮೈನಸ್ 67 ಆಸುಪಾಸಾದ್ರೂ ಬೇಕು. ಡ್ರೈವರ್ ಅಪ್‌ಡೇಟ್ ಮಾಡ್ದೆ, ಡಿವೈಸ್ ಮ್ಯಾನೇಜರಲ್ಲಿ ಪವರ್ ಉಳಿಸೋಕೆ ವೈಫೈ ಕಾರ್ಡ್ ಆಫ್ ಮಾಡೋ ಟಿಕ್ ತೆಗ್ದೆ, ಆಗಾಗ ಕಟ್ ಆಗೋದು ಕಮ್ಮಿ ಆಯ್ತು ಆದ್ರೆ ನಂಬರ್ ಜಪ್ಪಯ್ಯ ಅಂದ್ರೂ ಮೇಲೆ ಬರ್ಲಿಲ್ಲ.

ಆಗ ನೆನಪಾಗಿದ್ದು ಹಿಂಜ್. ಲ್ಯಾಪ್‌ಟಾಪ್ ಮುಚ್ಚಳದ ಹಿಂಜ್ ಮುರಿದು ಪೇಟೆಲಿ ಒಂದು ಅಂಗಡಿಗೆ ಕೊಟ್ಟು ರಿಪೇರಿ ಮಾಡಿಸಿದ್ದೆ. ಸುಮಾರು ಲ್ಯಾಪ್‌ಟಾಪಲ್ಲಿ ವೈಫೈ ಆಂಟೆನಾ ಇರೋದು ಸ್ಕ್ರೀನ್ ಅಂಚಲ್ಲಿ, ಅಲ್ಲಿಂದ ದಾರದ ಥರ ತೆಳ್ಳಗಿನ ಎರಡು ವೈರು ಹಿಂಜ್ ಒಳಗಿಂದಾನೇ ಕೆಳಗೆ ಇಳಿದು ಕಾರ್ಡಿಗೆ ಹೋಗತ್ತೆ. ಹಿಂಬದಿ ಸ್ಕ್ರೂ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆದು (ಇದನ್ನ ಮರೀಬೇಡಿ) ನೋಡಿದ್ರೆ ಕಾರ್ಡಲ್ಲಿ ಬಿಳಿ ವೈರು ಕೂತಿದೆ, ಕಪ್ಪು ವೈರು ಪಕ್ಕದಲ್ಲಿ ಸುಮ್ನೆ ಬಿದ್ಕೊಂಡಿದೆ. ಅದರ ತುದಿಲಿ ಸಾಸಿವೆ ಕಾಳಿನಷ್ಟು ಗುಂಡಗಿನ ಹಿತ್ತಾಳೆ ಬಣ್ಣದ ಟೋಪಿ, ಕಾರ್ಡಿನ ಮೇಲಿರೋ ಉಂಗುರಕ್ಕೆ ಸರಿಯಾಗಿ ಮೇಲಿಂದ ಹಿಡಿದು ಬೆರಳಲ್ಲಿ ನೇರ ಒತ್ತಬೇಕು, ಟಿಕ್ ಅಂತ ಕೂರತ್ತೆ. ಓರೆ ಇಟ್ಟು ಒತ್ತಿದ್ರೆ ಉಂಗುರನೇ ಬಗ್ಗಿಹೋಗತ್ತೆ, ಆಮೇಲೆ ಕಾರ್ಡೇ ಬದಲಾಯಿಸ್ಬೇಕು. ಮತ್ತೆ ಆನ್ ಮಾಡಿ ಅದೇ ಜಾಗದಲ್ಲಿ ನೋಡಿದ್ರೆ 70ರ ಮೇಲೆ! ಅಂಗಡಿಯವ್ರು ಹಿಂಜಿಗೆ ತಗೊಂಡ ದುಡ್ಡು ನೆನೆಸ್ಕೊಂಡು ಹೊಟ್ಟೆ ಉರೀತು, ಇರ್ಲಿ.

ಕಾರ್ಡೇ ಹಳೇದು, ಒಂದೇ ಆಂಟೆನಾದ್ದು ಅಂದ್ರೆ ಹೊಸದು ಹಾಕ್ಬಹುದು. ಇಂಟೆಲ್ ಎಎಕ್ಸ್210 ಥರದ್ದು ಎಎಂಡಿ ಪ್ರೊಸೆಸರ್ ಇರೋ ಲ್ಯಾಪ್‌ಟಾಪಿಗೂ ನಡೆಯತ್ತೆ, ಎಎಕ್ಸ್201 ನಡೆಯಲ್ಲ, ಅದು ಇಂಟೆಲ್ ಬೋರ್ಡಿಗೆ ಮಾತ್ರ, ನೋಡಿ ತಗೊಳಿ.

ಇನ್ನೊಂದು ಯಾರೂ ಹೇಳದೇ ಇರೋದು. ಬ್ಯಾಕಪ್‌ಗೆ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಚುಚ್ಚಿದಾಗೆಲ್ಲ ವೈಫೈ ಬಿದ್ದು ಹೋಗ್ತಿತ್ತು. ಯುಎಸ್‌ಬಿ 3 ಕೇಬಲ್ಲು ಕನೆಕ್ಟರುಗಳಿಂದ 2.4 ಗಿಗಾಹರ್ಟ್ಸ್ ಸುತ್ತಮುತ್ತಾನೇ ಗಲಾಟೆ ಹೊರಡತ್ತೆ, 2012ರಲ್ಲಿ ಇಂಟೆಲ್‌ನವ್ರೇ ಇದರ ಬಗ್ಗೆ ಒಂದು ಪೇಪರ್ ಹೊರಗೆ ತಂದಿದ್ರು. ಉದ್ದ ಕೇಬಲ್ ಹಾಕಿ ಡಿಸ್ಕನ್ನ ದೂರ ಸರಿಸಿದ್ರೆ ಅಥವಾ 5 ಗಿಗಾಹರ್ಟ್ಸಿಗೆ ಹೋದ್ರೆ ಮುಗೀತು.

ಆದ್ರೆ ನಮ್ಮ ಜಂಬಿಟ್ಟಿಗೆ ದಾಟಿ 5 ಗಿಗಾಹರ್ಟ್ಸ್ ಮೇಲೆ ಬರ್ತಾನೇ ಇರ್ಲಿಲ್ಲ. ಹಾಗಾದ್ರೆ 2.4ರಲ್ಲೇ ಚಾನೆಲ್ 1, 6, 11 ಬದಲಾಯ್ಸಿ ನೋಡು ಅಂದ ಬೆಂಗಳೂರಿನ ಗೆಳೆಯ. ಅಪಾರ್ಟ್‌ಮೆಂಟಲ್ಲಿ ಇಪ್ಪತ್ತು ಮನೆ ರೌಟರ್ ಕೂಗ್ತಿರೋ ಕಡೆ ಅದು ಸರಿ, ಇಲ್ಲಿ ಪಕ್ಕದ ಮನೆಗೆ ಹೋಗೋಕೆ ತೋಟ ದಾಟ್ಬೇಕು! ರೌಟರ್‌ನ ಎತ್ತರಕ್ಕೆ ಇಡೋಣ ಅಂತ ಜಾಗ ಹುಡುಕ್ತಿದ್ರೆ ಅಮ್ಮ "ಎಲ್ಲಾದ್ರೂ ಇಡು ತಮಾ, ದೇವರಗೂಡಿನ ಮೇಲೆ ಮಾತ್ರ ಬ್ಯಾಡ" ಅಂದ್ಲು. ಕೊನೆಗೆ ಕನ್ನಡಿ ಇರೋ ಕಬ್ಬಿಣದ ಬೀರುವಿನ ಮರೆಯಿಂದ ತೆಗೆದು ಮೆಟ್ಟಿಲ ಬುಡದ ಗೋಡೆಗೆ ಹೊಡೆದಿದ್ದು, ಅಷ್ಟಕ್ಕೇ ಸಿಗ್ನಲ್ ಒಂಚೂರು ಏರ್ತು.

ರಿಪೀಟರ್ ಬೇಡ ಅಂದೆ. ಅಗ್ಗದ್ದು ಒಂದೇ ಬ್ಯಾಂಡಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳೋದ್ರಿಂದ ಸ್ಪೀಡ್ ಅರ್ಧಕ್ಕೆ ಬರತ್ತೆ. ಅಟ್ಟದಲ್ಲಿ ಹಳೇ ಡ್ಯುಯಲ್ ಬ್ಯಾಂಡ್ ರೌಟರ್ ಒಂದಿತ್ತು, ಕ್ಯಾಟ್6 ನೆಟ್‌ವರ್ಕ್ ಕೇಬಲ್ ಮೆಟ್ಟಿಲ ಮೂಲೆಲಿ ಎಳೆದು ಅದನ್ನ ಮೆತ್ತಿಗೆ ಹಾಕ್ದೆ. ಅದರ ಐಪಿ (ನೆಟ್‌ವರ್ಕ್ ವಿಳಾಸ) ಕೆಳಗಿನ ರೌಟರ್‌ಗಿಂತ ಬೇರೆ ಕೊಟ್ಟು, ಡಿಎಚ್‌ಸಿಪಿ (ಐಪಿ ಹಂಚೋ ಕೆಲಸ) ಆಫ್ ಮಾಡಿ, ಕೇಬಲ್ಲನ್ನ ಇಂಟರ್ನೆಟ್ ಲೈನಿಗೆ ಅಂತ ಇರೋ ವ್ಯಾನ್ ತೂತಿಗೆ ಹಾಕದೆ ಲ್ಯಾನ್ ತೂತಿಗೇ ಹಾಕಿ, ಹೆಸ್ರು ಪಾಸ್‌ವರ್ಡ್ ಎರಡಕ್ಕೂ ಒಂದೇ ಇಟ್ರೆ ಆಯ್ತು. ಈಗ ಲ್ಯಾಪ್‌ಟಾಪ್ 5ರಲ್ಲೇ ಇರತ್ತೆ, ಖರ್ಚು ಅಂದ್ರೆ ಕೇಬಲ್ಲಿಂದು ಅಷ್ಟೆ.

ಮಳೆಗಾಲದ ಕಡೆಯೋರಿಗೆ ಒಂದು ಮಾತು. ಫೈಬರಲ್ಲಿ ಕರೆಂಟ್ ಹರಿಯಲ್ಲ, ಈ ತಾಮ್ರದ ಕೇಬಲ್ಲಲ್ಲಿ ಹರಿಯತ್ತೆ. ಅದಕ್ಕೇ ಮನೆ ಹೊರಗಿಂದ ಎಳೀಬೇಡಿ, ಗುಡುಗು ದೂರ ಇರೋವಾಗ್ಲೇ ಎರಡೂ ತುದಿ ಕಿತ್ತು ಅಡಾಪ್ಟರ್ ಪ್ಲಗ್ಗೂ ತೆಗೆದಿಡಿ. ನಾನಂತೂ ಆಗ ಫೋನ್ ಹಾಟ್‌ಸ್ಪಾಟ್ ಹಾಕ್ಕೊಳೋದು, ಅದೂ ಟವರಲ್ಲಿ ಬ್ಯಾಟರಿ ಉಳಿದಿದ್ರೆ.