ಬಡ್ಡಿ ರಿಚ್‌ನ ಡ್ರಮ್ಸ್ ಕೇಳುವ ಮೊದಲು ಟ್ರಂಪೆಟ್ ಕೇಳಿ

ಅಮೆರಿಕದ ಜಾಝ್ ಡ್ರಮ್ಮರ್ ಬಡ್ಡಿ ರಿಚ್ ಅಂದ ಕೂಡಲೇ ಹೆಚ್ಚಿನವರು ಹುಡುಕುವುದು ಅವನೊಬ್ಬನೇ ಬಾರಿಸುವ ಸೋಲೊ. ನಾನು ಸೋಲೊವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಕೈಯ ವೇಗ. ಅದು ನಾಲ್ಕು ಸಲ ಬೆರಗು ಹುಟ್ಟಿಸುತ್ತದೆ, ಐದನೇ ಸಲಕ್ಕೆ ಕಿವಿ ಸೋಮಾರಿಯಾಗುತ್ತದೆ. ಹದಿನೈದು ಜನರ ಬಿಗ್ ಬ್ಯಾಂಡನ್ನು ಒಬ್ಬ ಹಿಂದೆ ಕೂತು ಹೇಗೆ ಓಡಿಸುತ್ತಾನೆ ಅನ್ನುವುದು ತಿಳಿಯುವುದು ಉಳಿದವರು ಊದುತ್ತಿರುವಾಗಲೇ.

ಇದಕ್ಕೆ ಒಂದು ಕಾರಣವಿದೆ. 1917ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ರಿಚ್ ನಡೆಯಲು ಕಲಿತ ಹೊತ್ತಿನಲ್ಲೇ ವಾಡೆವಿಲ್ (ಹಾಡು, ಕುಣಿತ, ಹಾಸ್ಯ ಬೆರೆತ ಪ್ರದರ್ಶನ) ರಂಗದ ಮೇಲೆ ಡ್ರಮ್ ಬಾರಿಸಿದವನು, ಸ್ವರಲಿಪಿ ಓದಲು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ. ಹೊಸ ಏರ್ಪಾಟು (ಬ್ಯಾಂಡಿಗೆಂದು ಹಾಡನ್ನು ಹೊಂದಿಸಿ ಬರೆದ ಅರೇಂಜ್‌ಮೆಂಟ್) ಬಂದರೆ ರಿಹರ್ಸಲ್‌ನಲ್ಲಿ ಬೇರೆ ಡ್ರಮ್ಮರ್ ಒಬ್ಬನನ್ನು ಕೂರಿಸಿ ನುಡಿಸಲು ಹೇಳಿ, ಎದುರಿಗೆ ನಿಂತು ಕೇಳಿ, ಆಮೇಲೆ ತಾನು ಕೂರುತ್ತಿದ್ದ. ಅಂದರೆ ಅವನ ತಲೆಯಲ್ಲಿ ಇದ್ದದ್ದು ಡ್ರಮ್ಮಿನ ಹಾಳೆಯಲ್ಲ, ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಸಾಲುಗಳ ರಾಗ. ಕೇಳುವವರೂ ಅದೇ ದಾರಿ ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಶುರುವಿಗೆ ನಾನು ಹೇಳುವ ರೆಕಾರ್ಡು 1966ರ ‘ಸ್ವಿಂಗಿಂಗ್ ನ್ಯೂ ಬಿಗ್ ಬ್ಯಾಂಡ್’. ಟ್ರಂಪೆಟ್ ವಾದಕ ಹ್ಯಾರಿ ಜೇಮ್ಸ್‌ನ ಬ್ಯಾಂಡ್ ಬಿಟ್ಟು ಸ್ವಂತ ಬ್ಯಾಂಡ್ ಕಟ್ಟಿದ ವರ್ಷ ಅದು. ಹಾಲಿವುಡ್‌ನ ಶೇ (Chez) ಕ್ಲಬ್ಬಿನಲ್ಲಿ ಮಾಡಿದ ರೆಕಾರ್ಡಿಂಗ್. ಎಲ್ಲರೂ ಅದರ ‘ವೆಸ್ಟ್ ಸೈಡ್ ಸ್ಟೋರಿ’ ಮೆಡ್ಲಿಗೆ (ಹಲವು ಹಾಡು ಪೋಣಿಸಿದ್ದು) ಹಾರುತ್ತಾರೆ. ಅದು ಸುಮಾರು 10–11 ನಿಮಿಷದ್ದು, ವೇಗ ಮತ್ತೆಮತ್ತೆ ಬದಲಾಗುತ್ತದೆ, ಮೊದಲ ಸಲಕ್ಕೆ ತಲೆ ಕೆಡಿಸುತ್ತದೆ. ಅದನ್ನು ಬಿಟ್ಟು ‘ಬೇಸಿಕಲಿ ಬ್ಲೂಸ್’ ಹಾಕಿಕೊಳ್ಳಿ. ಫಿಲ್ ವಿಲ್ಸನ್ ಬರೆದದ್ದು, ಅವಸರವಿಲ್ಲದ ಬ್ಲೂಸ್. 12 ಬಾರ್‌ನ (ನಾಲ್ಕು ಎಣಿಕೆಯ ಒಂದು ತುಂಡು ಒಂದು ಬಾರ್) ಚೌಕಟ್ಟು ಸುತ್ತಿ ಸುತ್ತಿ ಬರುವುದರಿಂದ ದಾರಿ ತಪ್ಪಿದರೂ ಮುಂದಿನ ಸುತ್ತಿನಲ್ಲಿ ಹಿಡಿಯಬಹುದು.

ಉಪಕರಣದ ವಿಷಯ ಚಿಕ್ಕದು. ವೈರ್ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಸಿಡಿ ಇದ್ದರೆ ಅದನ್ನು ವೇವ್ ಫೈಲಾಗಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಮೊದಲು ಸಾಯುವುದು ಸಿಂಬಲ್, ಅಂದರೆ ಲೋಹದ ತಟ್ಟೆಯ ಸದ್ದು. ‘ಟಿಂಗ್’ ಹೋಗಿ ನೀರು ಸುರಿದಂಥ ‘ಶ್’ ಉಳಿಯುತ್ತದೆ, ಸ್ನೇರ್ (ಅಡಿಯಲ್ಲಿ ತಂತಿ ಕಟ್ಟಿದ ಚಿಕ್ಕ ಡ್ರಮ್) ಪೆಟ್ಟಿನ ಮುಂಚೆಯೇ ಅದರ ನೆರಳೊಂದು ಕೇಳಿಸುತ್ತದೆ. ಆಡಾಸಿಟಿ ತಂತ್ರಾಂಶದಲ್ಲಿ ಹಾಡು ಓಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಂ ಒತ್ತಿ ಗುರುತು ಹಾಕುತ್ತ ಹೋಗುವುದು ನನ್ನ ರೂಢಿ. ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಈ ಗುರುತುಗಳೆಲ್ಲ ತಡವಾಗಿ ಬೀಳುತ್ತವೆ. ನಿಮಿಷಕ್ಕೆ 160 ಎಣಿಕೆಯ ಹಾಡಿನಲ್ಲಿ ಒಂದು ಎಣಿಕೆಗೆ 375 ಮಿಲಿಸೆಕೆಂಡ್. ಬ್ಲೂಟೂತ್ 200 ಮಿಲಿಸೆಕೆಂಡ್ ತಿಂದರೆ ಗುರುತು ಅರ್ಧ ಎಣಿಕೆಗಿಂತ ಆಚೆ ಹೋಗಿ ಕೂರುತ್ತದೆ.

ಇನ್ನು ತಾಳ. ನಮ್ಮಲ್ಲಿ ಆದಿತಾಳ ಹಾಕಲು ಬರುವವರಿಗೆ ಇಲ್ಲಿ ದೊಡ್ಡ ಅನುಕೂಲ, ಜೊತೆಗೆ ಒಂದು ಗುಂಡಿಯೂ ಇದೆ. ಒಂದು ಬಾರ್‌ಗೆ 4 ಎಣಿಕೆ, ಎರಡು ಬಾರ್ ಸೇರಿದರೆ ಒಂದು ಆವರ್ತ. ಆದ್ದರಿಂದ 12 ಬಾರ್‌ನ ಬ್ಲೂಸ್ ಅಂದರೆ 6 ಆವರ್ತ, 32 ಬಾರ್‌ನ ಹಾಡು ಅಂದರೆ 16 ಆವರ್ತ. ಗುಂಡಿ ಯಾವುದೆಂದರೆ, ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್, ಹೈಹ್ಯಾಟ್‌ನ ‘ಚಿಕ್’ ಬೀಳುವುದು ಬಾರ್‌ನ 2 ಮತ್ತು 4ರ ಮೇಲೆ. ಎದ್ದು ಕೇಳುವ ಪೆಟ್ಟನ್ನೇ ಸಮ (ತಾಳದ ಮೊದಲ ಎಣಿಕೆ) ಅಂದುಕೊಳ್ಳುವ ಅಭ್ಯಾಸದ ಕೈ ಒಂದು ಎಣಿಕೆ ಜರುಗಿಬಿಡುತ್ತದೆ, ಆಮೇಲೆ ಇಡೀ ಹಾಡು ತಲೆಕೆಳಗು. ಪರೀಕ್ಷೆ ಸುಲಭ: ಆದಿತಾಳ ಹಾಕುತ್ತಿದ್ದರೆ ‘ಚಿಕ್’ ಕಿರುಬೆರಳಿಗೆ, ನಡುಬೆರಳಿಗೆ, ಆಮೇಲೆ ಎರಡು ಹುಸಿಗೂ ಬೀಳಬೇಕು. ಪೆಟ್ಟಿನ ಮೇಲೆ ಬೀಳುತ್ತಿದೆಯೇ, ನಿಲ್ಲಿಸಿ, ಹಿಂದೆ ಹೋಗಿ. ನಿಮಿಷಕ್ಕೆ 280ರ ಹಾಡಿಗೆ ಬೆರಳು ಓಡುವುದಿಲ್ಲ. ಅಲ್ಲಿ ಎರಡು ಎಣಿಕೆಗೆ ಒಂದು ಕ್ರಿಯೆ ಹಾಕಿದರೆ ‘ಚಿಕ್’ ಪ್ರತಿ ಸಲ ಎರಡು ಕ್ರಿಯೆಗಳ ನಟ್ಟನಡುವೆ ಸಿಗುತ್ತದೆ.

ಹಾಡಿನುದ್ದಕ್ಕೂ ಬಾರಿಸುವ ರೈಡ್ ಸಿಂಬಲ್‌ನ ಓಟವನ್ನು ತಿಶ್ರದಲ್ಲಿ, ಅಂದರೆ ಎಣಿಕೆಗೆ ಮೂರರಂತೆ, ಹೇಳಿಕೊಳ್ಳಬಹುದು. ಪ್ರತಿ ಎಣಿಕೆಗೂ ಮನಸ್ಸಿನಲ್ಲಿ ‘ತಕಿಟ’ ಇಟ್ಟುಕೊಂಡರೆ ಮೊದಲ ಎಣಿಕೆಯಲ್ಲಿ ‘ತ’ ಮಾತ್ರ, ಎರಡನೆಯದರಲ್ಲಿ ‘ತ’ ಮತ್ತು ‘ಟ’, ಮೂರರಲ್ಲಿ ಮತ್ತೆ ‘ತ’ ಒಂದೇ, ನಾಲ್ಕರಲ್ಲಿ ‘ತ’ ಮತ್ತು ‘ಟ’. ಇದು ನಿಧಾನದ ಹಾಡಿಗೆ ಸರಿ. ವೇಗ ಏರಿದ ಹಾಗೆ ‘ಟ’ ಹಿಂದಕ್ಕೆ ಸರಿದು ಎಣಿಕೆಯ ನಡುವಿಗೆ ಬರುತ್ತದೆ, ತಿಶ್ರ ಹೋಗಿ ಹೆಚ್ಚುಕಡಿಮೆ ಚತುರಶ್ರದ ‘ತಕ’ ಆಗುತ್ತದೆ. ವೇಗದ ಹಾಡಿಗೂ ತಿಶ್ರವನ್ನೇ ಹಿಡಿದುಕೊಂಡು ಕೂತರೆ ರಿಚ್ ಎಣಿಕೆ ತಪ್ಪಿದ ಹಾಗೆ ಕೇಳಿಸುತ್ತದೆ. ಅವನು ತಪ್ಪಿರುವುದಿಲ್ಲ.

ಈಗ ಮುಖ್ಯ ಕೆಲಸ. ಡ್ರಮ್ಸ್ ಕಡೆ ಕಿವಿ ಕೊಡದೆ ಟ್ರಂಪೆಟ್‌ಗಳ ಸಾಲನ್ನು ಬಾಯಲ್ಲಿ ಹಾಡಲು ಬರುವವರೆಗೆ ಕೇಳಬೇಕು. ನಾಲ್ಕು ಟ್ರಂಪೆಟ್‌ಗಳಲ್ಲಿ ಮೇಲಿನ ಸ್ವರ ಊದುವ ಲೀಡ್ ಒಂದೇ ಸಾಕು, ಅದೇ ಕಿವಿಗೆ ಮೊದಲು ಬರುವುದು. ‘ಪಾ... ಪ ಪಾ’ ಅಂತ ಹೇಗಾದರೂ ಹಾಡಿ, ಸ್ವರಸ್ಥಾನ ಸರಿಯಿರಬೇಕಿಲ್ಲ, ಉದ್ದ–ಗಿಡ್ಡ ಮಾತ್ರ ಸರಿಯಿರಲಿ. ಅದು ಬಂದ ಮೇಲೆ ಡ್ರಮ್ಸ್ ಕೇಳಿ ನೋಡಿ. ಮೊದಲು ಗದ್ದಲದ ಹಾಗೆ ಇದ್ದದ್ದರಲ್ಲಿ ಎರಡು ಬಗೆಯ ಪೆಟ್ಟು ಬೇರೆ ಬೇರೆಯಾಗಿ ನಿಲ್ಲುತ್ತವೆ: ಟ್ರಂಪೆಟ್ ಜೊತೆಗೇ ಬೀಳುವುದು ಒಂದು, ಅದಕ್ಕಿಂತ ಮುಂಚೆ ಬಂದು ಅದನ್ನು ಎಬ್ಬಿಸುವುದು ಇನ್ನೊಂದು. ಎರಡನೆಯದಕ್ಕೆ ಡ್ರಮ್ಮರ್‌ಗಳು ಸೆಟಪ್ ಅನ್ನುತ್ತಾರೆ.

ಒಂದೇ ಬಾರನ್ನು ಹತ್ತಿರದಿಂದ ನೋಡೋಣ. ಬಿಗ್ ಬ್ಯಾಂಡ್‌ಗಳಲ್ಲಿ ತೀರ ಸಾಮಾನ್ಯವಾದ ಹೊಡೆತವೆಂದರೆ ನಾಲ್ಕನೇ ಎಣಿಕೆಯ ‘ಟ’ದ ಮೇಲೆ ಇಡೀ ಸಾಲು ಒಟ್ಟಿಗೆ ಊದಿ, ಆ ಸ್ವರವನ್ನು ಮುಂದಿನ ಬಾರ್‌ನೊಳಕ್ಕೆ ಎಳೆಯುವುದು. ಡ್ರಮ್ಮರ್ ಮಾಡಬೇಕಾದ್ದು ನಾಲ್ಕನೇ ಎಣಿಕೆಯ ‘ತ’ದ ಮೇಲೆ ಸ್ನೇರ್‌ನಲ್ಲಿ ಒಂದು ಪೆಟ್ಟು, ‘ಟ’ದ ಮೇಲೆ ಕಾಲಿನಿಂದ ಬಾರಿಸುವ ಬಾಸ್ ಡ್ರಮ್ ಮತ್ತು ಜೋರಿನ ಕ್ರ್ಯಾಶ್ ಸಿಂಬಲ್ ಒಟ್ಟಿಗೆ, ಮುಂದಿನ ಬಾರ್‌ನ ಮೊದಲ ಎಣಿಕೆ ಖಾಲಿ. ನಾಲ್ಕನೆಯ ಆ ಪೆಟ್ಟಿಲ್ಲದಿದ್ದರೆ ಊದುವವರು ಒಬ್ಬರ ಹಿಂದೆ ಒಬ್ಬರು ಬಂದು ಹೊಡೆತ ಹರಿದುಹೋಗುತ್ತದೆ. ಕೇಳುವವರು ಎಡವುವುದೂ ಇಲ್ಲೇ. ಕ್ರ್ಯಾಶ್ ಜೋರಾಗಿ ಬಿದ್ದದ್ದರಿಂದ ಸಮ ಬಂತು ಅಂದುಕೊಂಡು ತಾಳವನ್ನು ಅಲ್ಲಿಗೆ ಎಳೆದುಕೊಳ್ಳುತ್ತಾರೆ, ಮುಂದಿನ ಬಾರ್ ಉದ್ದವಾಯಿತು ಅನ್ನಿಸುತ್ತದೆ. ಕೈ ತಾಳವನ್ನು ಬಿಡದಿದ್ದರೆ ಆ ಖಾಲಿ ಸಮ ಎಷ್ಟು ರುಚಿ ಅಂತ ಗೊತ್ತಾಗುತ್ತದೆ. ಸಮ ಬಿಟ್ಟು ಬೇರೆ ಜಾಗದಲ್ಲಿ ಮುಗಿಯುವ ಮೃದಂಗದ ಮುಕ್ತಾಯ ಕೇಳಿದವರಿಗೆ ಇದು ಹೊಸದೇನಲ್ಲ.

ಉದ್ದ ಸ್ವರಕ್ಕೆ ಬಾಸ್ ಡ್ರಮ್ ಮತ್ತು ಸಿಂಬಲ್, ಗಿಡ್ಡ ಸ್ವರಕ್ಕೆ ಸ್ನೇರ್ ಅನ್ನುವುದು ಎಲ್ಲ ಬಿಗ್ ಬ್ಯಾಂಡ್ ಡ್ರಮ್ಮರ್‌ಗಳ ರೂಢಿ. ರಿಚ್‌ನ ಹೆಚ್ಚುಗಾರಿಕೆ ಸೆಟಪ್‌ನಲ್ಲಿದೆ. ಒಂದೇ ಪೆಟ್ಟು ಸಾಕಾಗುವ ಕಡೆ ಎರಡು ಎಣಿಕೆಯಷ್ಟು ಸಣ್ಣ ಪೆಟ್ಟುಗಳನ್ನು ತುಂಬಿ, ಕೊನೆಯ ಪೆಟ್ಟನ್ನು ಸರಿಯಾಗಿ ಲೀಡ್ ಟ್ರಂಪೆಟ್ ಉಸಿರು ಎಳೆದುಕೊಳ್ಳುವ ಜಾಗಕ್ಕೆ ತಂದು ಬಿಡುತ್ತಾನೆ. 1967ರ ‘ಬಿಗ್ ಸ್ವಿಂಗ್ ಫೇಸ್’ ರೆಕಾರ್ಡಿನ ‘ಲವ್ ಫಾರ್ ಸೇಲ್’ನಲ್ಲಿ, ಪೀಟ್ ಮೈಯರ್ಸ್‌ನ ಏರ್ಪಾಟಿನಲ್ಲಿ, ಇದನ್ನು ಬೇಕಾದಷ್ಟು ಕೇಳಬಹುದು. ಮೂಲ ಹಾಡು 64 ಬಾರ್‌ನದ್ದು, ಅಂದರೆ 32 ಆವರ್ತ. 16 ಬಾರ್‌ಗೊಮ್ಮೆ ತಿರುವು. ತಿರುವು ಬರುವ ಮುಂಚಿನ ಎರಡು ಬಾರ್‌ಗಳನ್ನಷ್ಟೇ ಕತ್ತರಿಸಿ ಒಂದರ ಹಿಂದೆ ಒಂದು ಜೋಡಿಸಿ ಕೇಳಿ. ಎರಡು ತಿರುವುಗಳ ನಡುವೆ ಅವನು ಏನು ಬದಲಿಸಿದ, ಏನು ಹಾಗೇ ಉಳಿಸಿಕೊಂಡ ಅನ್ನುವುದು ಪಕ್ಕಪಕ್ಕ ಇಟ್ಟಾಗಲೇ ತಿಳಿಯುವುದು.

ಬಲಗಾಲು ಕೇಳುವುದು ಕಷ್ಟದ ಕೆಲಸ. ರಿಚ್ 24 ಇಂಚಿನ ಬಾಸ್ ಡ್ರಮ್ ಇಟ್ಟುಕೊಂಡಿದ್ದ. ಈ ಶೈಲಿಯಲ್ಲಿ ಅದನ್ನು ನಾಲ್ಕೂ ಎಣಿಕೆಗೆ, ಬಹಳ ಮೆತ್ತಗೆ, ಡಬಲ್ ಬಾಸ್‌ನ ಅಡಿಯಲ್ಲಿ ಹಾಸಿದ ಹಾಗೆ ತುಳಿಯುತ್ತಾರೆ. 120 ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಕತ್ತರಿಸಿ ಕೇಳಿದರೆ ಎರಡೂ ಒಂದೇ ಗುಡುಗಾಗಿ ಬರುತ್ತವೆ, ಯಾಕೆಂದರೆ ಡಬಲ್ ಬಾಸ್‌ನ ಕೆಳತಂತಿ 41 ಹರ್ಟ್ಸ್‌ನಿಂದಲೇ ಶುರು. ಬೇರ್ಪಡಿಸುವ ಉಪಾಯ ಶ್ರುತಿ: ಬಾಸ್ ಪ್ರತಿ ಎಣಿಕೆಗೆ ಸ್ವರ ಬದಲಿಸುತ್ತದೆ, ಡ್ರಮ್ ಬದಲಿಸುವುದಿಲ್ಲ. ಬದಲಾಗದೆ ಉಳಿದ ಆ ಒಂದು ‘ದುಂ’ ಸಿಕ್ಕಿದ ಮೇಲೆ ಕತ್ತರಿಯನ್ನು ಮೆಲ್ಲಗೆ 250ಕ್ಕೆ, 500ಕ್ಕೆ ಏರಿಸುತ್ತ ಅದನ್ನು ಕೈಬಿಡದೆ ಹಿಂಬಾಲಿಸಬೇಕು. ಕೆಲವು ಹಾಡುಗಳಲ್ಲಿ ಎಷ್ಟು ಮಾಡಿದರೂ ಸಿಗುವುದಿಲ್ಲ. ಬಿಟ್ಟುಬಿಡಿ, ಕಲ್ಪಿಸಿಕೊಂಡು ಬರೆಯಬೇಡಿ.

ಸೋಲೊಗೆ ಬಂದರೆ ಎಲ್ಲರೂ ಮಾಡುವುದು ಹಾಡನ್ನು ನಿಧಾನ ಮಾಡುವುದು. ಹೇಗೆ ನಿಧಾನ ಮಾಡುತ್ತೀರಿ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಶ್ರುತಿ ಉಳಿಸಿ ವೇಗ ಮಾತ್ರ ಇಳಿಸಿದಾಗ ತಂತ್ರಾಂಶ ಧ್ವನಿಯ ಚೂರುಗಳನ್ನು ಮತ್ತೆ ಹಾಕಿ ಸಮಯ ತುಂಬಿಸುತ್ತದೆ. ಸ್ವರಕ್ಕೆ ಅದರಿಂದ ತೊಂದರೆಯಿಲ್ಲ, ಪೆಟ್ಟಿನ ಮೊನೆಗೆ ತೊಂದರೆ. ಒಂದು ಪೆಟ್ಟು ಎರಡಾಗಿ ಕೇಳುತ್ತದೆ, ರಿಚ್ ಬಾರಿಸದ ಫ್ಲ್ಯಾಮ್ (ಎರಡು ಕಡ್ಡಿ ಒಂದರ ಬೆನ್ನಿಗೇ ಒಂದು ಬೀಳುವ ಪೆಟ್ಟು) ಹುಟ್ಟಿಕೊಳ್ಳುತ್ತದೆ. ಶೇಕಡ 75ರವರೆಗೆ ಪರವಾಗಿಲ್ಲ, 50ಕ್ಕೆ ಇಳಿದರೆ ಎಣಿಕೆ ನಂಬಬೇಡಿ. ಅದರ ಬದಲು ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸಿ. ಅರ್ಧ ವೇಗದಲ್ಲಿ ಎಲ್ಲವೂ ಒಂದು ಸ್ಥಾಯಿ ಕೆಳಗೆ ಹೋಗಿ ಸ್ನೇರ್ ತಂತಿಯಿಲ್ಲದ ಡ್ರಮ್ಮಾದ ಟಾಮ್‌ನ ಹಾಗೆ ಕೇಳುತ್ತದೆ ನಿಜ, ಆದರೆ ಪೆಟ್ಟು ಒಂದಿದ್ದರೆ ಒಂದೇ ಕೇಳುತ್ತದೆ.

ಎಣಿಸಲೇಬೇಕೆಂದರೆ ಕಿವಿಗಿಂತ ಚಿತ್ರ ಮೇಲು. ಅಲೆಯ ಚಿತ್ರವನ್ನು ಒಂದು ಸೆಕೆಂಡ್ ಪರದೆ ತುಂಬುವಷ್ಟು ಹಿಗ್ಗಿಸಿ, ಮೊದಲ ಮೊನೆಯಿಂದ ಕೊನೆಯ ಮೊನೆವರೆಗೆ ಆಯ್ದು, ಮಿಲಿಸೆಕೆಂಡ್ ನೋಡಿ. 11 ಮೊನೆ 750 ಮಿಲಿಸೆಕೆಂಡ್‌ನಲ್ಲಿದ್ದರೆ ನಡುವಿನ ಸಂದು 10, ಅಂದರೆ ಸೆಕೆಂಡಿಗೆ 13ಕ್ಕಿಂತ ಸ್ವಲ್ಪ ಹೆಚ್ಚು ಪೆಟ್ಟು. ನಿಮಿಷಕ್ಕೆ 200ರ ವೇಗದಲ್ಲಿ ಎಣಿಕೆಗೆ ನಾಲ್ಕು ಅಂದಂತಾಯಿತು. ಮೊನೆಗಳನ್ನೇ ಎಣಿಸಿ ಭಾಗಿಸಿದರೆ ಲೆಕ್ಕ ಹೆಚ್ಚು ಬರುತ್ತದೆ, ಅಂತರ್ಜಾಲದಲ್ಲಿ ಓಡಾಡುವ ಎಷ್ಟೋ ಅಂಕಿಗಳಿಗೆ ಇಂಥವೇ ಕಾರಣಗಳಿರಬಹುದು. ಅದೇ ಚಿತ್ರದಲ್ಲಿ ರೋಲ್‌ನ, ಅಂದರೆ ಬಿಡುವಿಲ್ಲದೆ ಉರುಳುವ ಪೆಟ್ಟುಗಳ ಸಾಲಿನ, ಜಾತಿಯೂ ಕಾಣುತ್ತದೆ. ಒಂದೊಂದು ಕೈಗೆ ಒಂದೊಂದು ಪೆಟ್ಟಿನ ರೋಲ್ ಆದರೆ ಮೊನೆಗಳು ಸಮ. ಕೈಗೆ ಎರಡೆರಡು ಆದರೆ ಎರಡನೆಯದು ಸಾಮಾನ್ಯವಾಗಿ ಕುಳ್ಳು. ಕಡ್ಡಿಯನ್ನು ಒತ್ತಿ ಹಿಡಿದ ಪ್ರೆಸ್ ರೋಲ್ ಆದರೆ ಮೊನೆಯೇ ಇಲ್ಲದ ಹುಲ್ಲುಹಾಸು. ರಿಚ್‌ನ ಒಂಟಿಪೆಟ್ಟಿನ ರೋಲ್‌ನಲ್ಲಿ ಎಡ–ಬಲ ಹೇಳುವುದು ಚಿತ್ರ ನೋಡಿದರೂ ಕಷ್ಟ.

ಆದರೆ ವೇಗದ ಲೆಕ್ಕಕ್ಕಿಂತ ನನಗೆ ಹೆಚ್ಚು ಬೇಕಾದದ್ದು ಜಾಗ. ಸ್ನೇರ್‌ನ ಅಂಚಿನಲ್ಲಿ ಬಾರಿಸಿದರೆ ಸದ್ದು ತೆಳು, ಅಡಿಯ ತಂತಿಯ ಸರಸರ ಹೆಚ್ಚು. ನಡುವಿಗೆ ಬಂದ ಹಾಗೆ ದಪ್ಪ, ಒಣ. ರಿಚ್ ಮೆಲ್ಲನೆಯ ರೋಲನ್ನು ಅಂಚಿನಲ್ಲಿ ಎತ್ತಿಕೊಂಡು ನಡುವಿಗೆ ತರುತ್ತ ಬೆಳೆಸುತ್ತಾನೆ. ಜೋರು ಏರುವುದು ಕೈಯ ಬಲದಿಂದ ಮಾತ್ರ ಅಲ್ಲ, ಜಾಗ ಬದಲಾಗುವುದರಿಂದಲೂ. ಇದನ್ನು ಕೇಳಲು ವೇಗ ಇಳಿಸಲೇಬಾರದು. 1968ರಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ರೆಕಾರ್ಡಾದ ‘ಮರ್ಸಿ, ಮರ್ಸಿ’ಯಲ್ಲಿ ಬಿಲ್ ರೆಡ್ಡಿ ಬರೆದ ‘ಚಾನೆಲ್ ಒನ್ ಸ್ವೀಟ್’ ಇದೆ. ಸೋಲೊ ಕೇಳಲು ಅದು ನನ್ನ ಆಯ್ಕೆ. ಡಾನ್ ಮೆಂಜಾ ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಒಂಟಿಯಾಗಿ ಊದುವ ಭಾಗವನ್ನೂ ಬಿಡದೆ ಕೇಳಿ. ಅಲ್ಲಿಂದ ಬಂದ ಕಿವಿಗೆ ಡ್ರಮ್ ಸೋಲೊದ ಮಾತು ಬೇರೆಯೇ.

ಹಳೆಯ ರೆಕಾರ್ಡುಗಳ ಕಾಟ ಬೇರೆ. ರಿಚ್ ಆಗ ಇದ್ದ ಟಾಮಿ ಡಾರ್ಸಿ ಬ್ಯಾಂಡ್‌ನ 1940ರ ‘ಕ್ವಯಟ್ ಪ್ಲೀಸ್’, ಸೈ ಆಲಿವರ್ ಬರೆದದ್ದು, ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಯ ಒಂದು ಬದಿಗೆ ಹಿಡಿಸುವಷ್ಟು, ಸುಮಾರು ಮೂರು ನಿಮಿಷ. ಇಂಥವುಗಳ ಡಿಜಿಟಲ್ ಪ್ರತಿಗಳಲ್ಲಿ ವೇಗ ತಪ್ಪಿರುವುದು ಸಾಮಾನ್ಯ. ಶೇಕಡ 6 ವೇಗ ಹೆಚ್ಚಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, 240ರ ಹಾಡು 254 ಆಗುತ್ತದೆ. ಫೋನಿನ ಟ್ಯೂನರ್ ಹಿಡಿದು ನೋಡಿ. ಟ್ರಂಪೆಟ್, ಸ್ಯಾಕ್ಸೊಫೋನ್ ಬ್ಯಾಂಡ್‌ಗಳು ಸಾಧಾರಣವಾಗಿ ಬಿ–ಫ್ಲಾಟ್, ಇ–ಫ್ಲಾಟ್, ಎಫ್‌ನಂಥ ಶ್ರುತಿಯಲ್ಲಿ ಇರುತ್ತವೆ. ಬಿ ಅಥವಾ ಇ ತೋರಿಸಿದರೆ ಪ್ರತಿಯ ಮೇಲೇ ಅನುಮಾನ ಪಡಿ. ಇನ್ನೊಂದು ಮೋಸ, ಮೋನೊ ರೆಕಾರ್ಡನ್ನು ಆಮೇಲೆ ಸ್ಟೀರಿಯೊ ಮಾಡಿದ್ದು. ಕೆಳಗಿನ ಸದ್ದನ್ನು ಒಂದು ಕಿವಿಗೆ, ಮೇಲಿನದನ್ನು ಇನ್ನೊಂದಕ್ಕೆ ಹಂಚಿರುತ್ತಾರೆ. ಬಾಸ್ ಡ್ರಮ್ ಎಡಕ್ಕೆ, ಸಿಂಬಲ್ ಬಲಕ್ಕೆ ಇತ್ತು ಅಂತ ಅದನ್ನು ನೋಡಿ ಬರೆದುಕೊಂಡರೆ ಕೆಟ್ಟಿತು.

ರಿಚ್‌ಗೆ ಜೋರಾಗಿ ಮಾತ್ರ ಬಾರಿಸಲು ಬರುತ್ತದೆ ಅನ್ನುವವರಿಗೆ 1946ರ ರೆಕಾರ್ಡಿಂಗ್ ಹಾಕಿ ಕೊಡಿ: ಲೆಸ್ಟರ್ ಯಂಗ್‌ನ ಸ್ಯಾಕ್ಸೊಫೋನ್, ನ್ಯಾಟ್ ಕೋಲ್‌ನ ಪಿಯಾನೊ, ರಿಚ್‌ನ ಡ್ರಮ್ಸ್, ಬಾಸ್ ವಾದಕ ಇಲ್ಲವೇ ಇಲ್ಲ. ಬಾಸ್ ಇಲ್ಲದ್ದರಿಂದ ಕಡ್ಡಿಯ ಬದಲು ಹಿಡಿಯುವ ಬ್ರಷ್‌ನ ಒಂದೊಂದು ಸವರುವಿಕೆಯೂ ಬಯಲಾಗಿ ನಿಲ್ಲುತ್ತದೆ.

ನಮ್ಮವರ ಕುತೂಹಲಕ್ಕೆ 1968ರ ‘ರಿಚ್ ಅ ಲಾ ರಖಾ’ ಇದೆ, ಅಲ್ಲಾ ರಖಾ ತಬಲಾದೊಂದಿಗೆ, ರವಿಶಂಕರ್ ಸಂಯೋಜನೆಯಲ್ಲಿ. ಅಪರೂಪದ ದಾಖಲೆ, ಆದರೆ ರಿಚ್‌ನನ್ನು ಕಲಿಯಲು ಅಲ್ಲಿಂದ ಶುರು ಮಾಡಬೇಡಿ. ಅವನು ಅಲ್ಲಿ ಅತಿಥಿ, ಮಾತು ಕಡಿಮೆ. ಎರಡು ಕೈಬರಹ ಹೋಲಿಸಬೇಕೆಂದರೆ 1959ರ ‘ರಿಚ್ ವರ್ಸಸ್ ರೋಚ್’ ಮೇಲು. ರಿಚ್ ಮತ್ತು ಮ್ಯಾಕ್ಸ್ ರೋಚ್ ಒಬ್ಬೊಬ್ಬರು ಒಂದೊಂದು ಬದಿಯ ಚಾನೆಲ್‌ನಲ್ಲಿದ್ದಾರೆ. ಆಡಾಸಿಟಿಯಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೋನೊ ಮಾಡಿ ಒಂದೊಂದನ್ನೇ ಕೇಳಬಹುದು. ಪಕ್ಕದವರ ಸದ್ದು ಸ್ವಲ್ಪ ಸೋರಿದರೂ ಎಣಿಕೆಗೆ ಅಡ್ಡಿಯಿಲ್ಲ. ರೋಚ್ ಡ್ರಮ್‌ಗಳ ಶ್ರುತಿ ಏರಿಸಿ, ಟಾಮ್‌ಗಳ ನಡುವೆ ಪ್ರಶ್ನೆ–ಉತ್ತರ ಕಟ್ಟಿ, ಖಾಲಿ ಜಾಗ ಬಿಡುತ್ತಾನೆ. ರಿಚ್‌ನ ಮಾತೆಲ್ಲ ಸ್ನೇರ್ ಮೇಲೆ, ಬಿಡುವು ಕಡಿಮೆ. ಯಾವ ಬದಿ ಯಾರದ್ದು ಅಂತ ಕವರ್ ನೋಡದೆ ಒಂದು ನಿಮಿಷ ಕೇಳಿ, ಚೀಟಿಯಲ್ಲಿ ಬರೆದು, ಆಮೇಲೆ ನೋಡಿ.