ಬೋರ್ಡಿನ ಹಳದಿಯಿಂದ ಇಡೀ ಆ್ಯಪಿನ ಬಣ್ಣಗಳು: ನನ್ನ ಅನುಭವ

ಮುಂಬಯಿಯ ಮಾಟುಂಗದಲ್ಲಿರುವ ಒಂದು ಉಡುಪಿ ಹೋಟೆಲಿಗೆ ಆರ್ಡರ್ ಆ್ಯಪ್ ವಿನ್ಯಾಸ ಮಾಡುವ ಕೆಲಸ ಬಂದಾಗ ನನಗೆ ಸಿಕ್ಕ ಬಣ್ಣ ಒಂದೇ, ಹೋಟೆಲಿನ ಬೋರ್ಡಿನ ಚೆಂಡುಹೂ ಹಳದಿ. “ಬೋರ್ಡಿನ ಬಣ್ಣ ಬಿಟ್ಟು ಬೇರೆ ಬೇಡ ಮಾರಾಯ್ರೆ, ಗಿರಾಕಿಗಳಿಗೆ ಅದೇ ಗುರ್ತ” ಎಂದು ಕುಂದಾಪುರ ಕಡೆಯವರಾದ ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು. ಪ್ರತಿ ಬಣ್ಣದ ಪಾಲನ್ನು 0ಯಿಂದ 255ರವರೆಗೆ ಎಣಿಸುವ ಸ್ಕ್ರೀನಿನ ಲೆಕ್ಕದಲ್ಲಿ ಅದು ಕೆಂಪು 242, ಹಸಿರು 169, ನೀಲಿ 0. ಹಿನ್ನೆಲೆ, ಅಕ್ಷರ, ಬಟನ್, ಗೆರೆ, ಎಚ್ಚರಿಕೆ, ಡಾರ್ಕ್ ಮೋಡ್ ಎಲ್ಲವೂ ಇದೊಂದರಿಂದಲೇ ಹೊರಡಬೇಕಿತ್ತು.

ನಾನು ಮೊದಲು ಮಾಡಿದ್ದು ಅಳತೆ. ಈ ಹಳದಿಗೂ ಬಿಳಿಗೂ ನಡುವಿನ ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸದ ಅನುಪಾತ, ಸುಮಾರು 2ಕ್ಕೆ 1 ಮಾತ್ರ. ಜಾಲತಾಣಗಳ ಸುಗಮ ಬಳಕೆಗಾಗಿ ಜಗತ್ತಿನಾದ್ಯಂತ ಪಾಲಿಸಲಾಗುವ ಡಬ್ಲ್ಯುಸಿಎಜಿ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5ನ್ನೂ ದೊಡ್ಡ ಅಕ್ಷರಗಳಿಗೆ 3ನ್ನೂ ಕೇಳುತ್ತದೆ, 2018ರ 2.1 ಆವೃತ್ತಿಯಿಂದ ಐಕಾನುಗಳಿಗೂ ಇನ್‌ಪುಟ್ ಪೆಟ್ಟಿಗೆಯ ಅಂಚಿಗೂ 3 ಬೇಕು. ಅದೇ ಹಳದಿಯ ಮೇಲೆ ಕಪ್ಪು ಅಕ್ಷರ ಇಟ್ಟರೆ ಕಾಂಟ್ರಾಸ್ಟ್ 10ನ್ನು ದಾಟುತ್ತದೆ. ಹೀಗಾಗಿ ಹಳದಿ ಬಟನ್ನಿನ ಮೇಲೆ ಗಾಢ ಅಕ್ಷರವೇ ಇರಬೇಕು, ಬಿಳಿಯ ಮೇಲೆ ಹಳದಿ ಅಕ್ಷರ ಎಲ್ಲಿಯೂ ಇರಬಾರದು ಎಂಬುದು ಅಲ್ಲಿಯೇ ನಿರ್ಧಾರವಾಯಿತು. ಲೋಕಲ್ ಟ್ರೇನಿನ ಬಾಗಿಲ ಬಳಿ ನಿಂತು, ಬಿಸಿಲು ಬಿದ್ದ ಅಗ್ಗದ ಫೋನಿನಲ್ಲಿ ಆರ್ಡರ್ ಮಾಡುವವರನ್ನು ನೆನೆದರೆ ಈ ಕನಿಷ್ಠಗಳು ನಿಜಕ್ಕೂ ಕನಿಷ್ಠವೇ ಎಂದು ತಿಳಿಯುತ್ತದೆ.

ಮುಂದಿನ ಪ್ರಶ್ನೆ, ತಿಳಿ ಮತ್ತು ಗಾಢ ಶೇಡುಗಳನ್ನು ಯಾವ ಲೆಕ್ಕದಲ್ಲಿ ಪಡೆಯುವುದು ಎಂಬುದು. ಬಣ್ಣವನ್ನು ವರ್ಣ, ತೀವ್ರತೆ, ಹೊಳಪು ಎಂಬ ಸಂಖ್ಯೆಗಳಲ್ಲಿ ಹೇಳುವ, ಬಹಳಷ್ಟು ವಿನ್ಯಾಸಕರ ಕೈಗೆ ರೂಢಿಯಾಗಿರುವ ಎಚ್‌ಎಸ್‌ಎಲ್ ಪದ್ಧತಿಯಲ್ಲಿ ಶುದ್ಧ ಹಳದಿಗೂ ಶುದ್ಧ ನೀಲಿಗೂ ಹೊಳಪು ಶೇಕಡಾ 50 ಎಂದೇ ಬರುತ್ತದೆ. ಆದರೆ ಬಿಳಿಯೆದುರು ಆ ಹಳದಿಯ ಕಾಂಟ್ರಾಸ್ಟ್ 1.07, ನೀಲಿಯದು 8.59. ಕಣ್ಣು ಕಾಣುವುದಕ್ಕೂ ಆ ಸಂಖ್ಯೆಗೂ ಸಂಬಂಧವೇ ಇಲ್ಲ. ಆದ್ದರಿಂದ ನಾನು ಓಕೆಎಲ್‌ಸಿಎಚ್ ಪದ್ಧತಿಯನ್ನು ಆರಿಸಿಕೊಂಡೆ. ಬ್ಯೋರ್ನ್ ಒಟ್ಟೋಸನ್ ಎಂಬ ತಂತ್ರಜ್ಞರು 2020ರಲ್ಲಿ ಪ್ರಕಟಿಸಿದ ಓಕೆಲ್ಯಾಬ್ ಎಂಬ ಬಣ್ಣದ ಲೆಕ್ಕ ಇದಕ್ಕೆ ಆಧಾರ. ಇದರಲ್ಲಿ ಹೊಳಪು, ಕ್ರೋಮಾ ಎಂಬ ಬಣ್ಣದ ತೀವ್ರತೆ, ಬಣ್ಣಗಳ ಚಕ್ರದಲ್ಲಿನ ಜಾಗ ಹೇಳುವ ವರ್ಣದ ಕೋನ ಎಂಬ ಮೂರು ಸಂಖ್ಯೆಗಳಿದ್ದು, ಹೊಳಪಿನ ಸಂಖ್ಯೆ (0 ಎಂದರೆ ಕಪ್ಪು, 1 ಎಂದರೆ ಬಿಳಿ) ಕಣ್ಣಿನ ಅನುಭವಕ್ಕೆ ಹತ್ತಿರವಾಗಿರುತ್ತದೆ. ನಮ್ಮ ಬೋರ್ಡಿನ ಹಳದಿ ಇಲ್ಲಿ ಹೊಳಪು 0.78, ಕ್ರೋಮಾ 0.16, ಕೋನ 77 ಆಗುತ್ತದೆ.

ತಿಳಿಯಿಂದ ಗಾಢದವರೆಗಿನ ಹೊಳಪಿನ ಮೆಟ್ಟಿಲುಗಳನ್ನು ಸಮಾನ ಅಂತರದಲ್ಲಿ ಹಾಕುವ ಬದಲು ಕೆಲಸ ನೋಡಿ ಹಾಕಿದೆ. ಪುಟದ ಹಿನ್ನೆಲೆಗೆ 0.98, ಸೂಚನೆಯ ಪೆಟ್ಟಿಗೆಗೆ 0.95, ಗೆರೆಗಳಿಗೆ 0.90, ಮೂಲ ಬಣ್ಣ ಇದ್ದಲ್ಲೇ 0.78, ಲಿಂಕ್ ಮತ್ತು ಐಕಾನುಗಳಿಗೆ 0.55, ಅಕ್ಷರಗಳಿಗೆ 0.45 ಮತ್ತು ಅದಕ್ಕೂ ಕೆಳಗೆ. 0.55ರ ಮೆಟ್ಟಿಲು ಬಿಳಿಯ ಮೇಲೆ 4.9ರಷ್ಟು ಕಾಂಟ್ರಾಸ್ಟ್ ಕೊಡುತ್ತದೆ. ಆದರೆ ಅದನ್ನೇ 0.95ರ ಪೆಟ್ಟಿಗೆಯೊಳಗೆ ಇಟ್ಟರೆ 4.3ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗಿನ ಬರಹಕ್ಕೆ 0.45 ಕಡ್ಡಾಯವಾಯಿತು. ಕನ್ನಡದ ಮೆನುವಿಗೆ ನಾನು ಇನ್ನೂ ಬಿಗಿಯಾದ 7ರ ಮಿತಿಯನ್ನು ಇಟ್ಟುಕೊಂಡೆ. ‘ಉಪ್ಪಿಟ್ಟು’ ಎಂಬಲ್ಲಿ ಕೆಳಗೆ ಕೂರುವ ಎರಡು ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಅವುಗಳ ಗೆರೆಯೂ ತೆಳು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಬಣ್ಣದಲ್ಲಿ ಮೊದಲು ಮಸುಕಾಗುವುದು ಅವೇ.

ಹಳದಿಯನ್ನು ಗಾಢಗೊಳಿಸುವುದು ಈ ಇಡೀ ಕೆಲಸದ ಕಠಿಣ ಭಾಗ. ಹೊಳಪನ್ನು 0.55ಕ್ಕೆ ಇಳಿಸಿ ಕ್ರೋಮಾವನ್ನು 0.16ರಲ್ಲೇ ಉಳಿಸಿದರೆ ಅಂಥ ಬಣ್ಣ ಸಾಮಾನ್ಯ ಸ್ಕ್ರೀನಿನಲ್ಲಿ ಇಲ್ಲವೇ ಇಲ್ಲ. ನೀಲಿಯ ಪಾಲು ಸೊನ್ನೆಗಿಂತ ಕೆಳಗೆ ಹೋಗಬೇಕಾಗುತ್ತದೆ. ಆ ಹೊಳಪಿನಲ್ಲಿ ಈ ವರ್ಣಕ್ಕೆ ಸಿಗುವ ಗರಿಷ್ಠ ಕ್ರೋಮಾ ಸುಮಾರು 0.115. ಅಷ್ಟನ್ನೇ ಕೊಟ್ಟರೂ ಕೋನ 77ರಲ್ಲೇ ಇದ್ದರೆ ಹಸಿರು ಛಾಯೆಯ ಕಂದು ಬರುತ್ತದೆ, ತಿಂಡಿಯ ಚಿತ್ರಗಳ ಪಕ್ಕದಲ್ಲಿ ಅದು ಹಳಸಿದಂತೆ ಕಾಣುತ್ತದೆ. ಹೀಗಾಗಿ ಗಾಢವಾಗುತ್ತಾ ಹೋದಂತೆ ಕೋನವನ್ನು 77ರಿಂದ 60ರ ಕಡೆಗೆ, ಅಂದರೆ ಕೆಂಪಿನತ್ತ, ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಕೊನೆಯ ಮೆಟ್ಟಿಲು ಫಿಲ್ಟರ್ ಕಾಫಿಯ ಡಿಕಾಕ್ಷನ್ನಿನಂತೆ ಬೆಚ್ಚಗಿನ ಕಂದು ಬಣ್ಣಕ್ಕೆ ಬಂದು ನಿಂತಿತು. ಸೂತ್ರವೊಂದನ್ನೇ ನಂಬಿದರೆ ಇದು ಸಿಗುತ್ತಿರಲಿಲ್ಲ. ಇಲ್ಲಿ ಕಣ್ಣೇ ತೀರ್ಮಾನಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬೂದು ಬಣ್ಣಗಳಿಗೂ ಇದೇ ವರ್ಣದ 0.01 ಕ್ರೋಮಾ ಬೆರೆಸಿದ್ದರಿಂದ ಅವು ಹಳದಿಯ ಪಕ್ಕ ತಣ್ಣಗೆ ಕಾಣಲಿಲ್ಲ.

ಸ್ಥಿತಿ ಸೂಚಿಸುವ ಬಣ್ಣಗಳಲ್ಲಿ ಕೆಂಪಿಗೆ 25ರ ಆಸುಪಾಸಿನ ಕೋನ, ಹಸಿರಿಗೆ 145, ಹೊಳಪು ಮಾತ್ರ ಅವೇ ಮೆಟ್ಟಿಲುಗಳದ್ದು. ಎಚ್ಚರಿಕೆಗೆ ಎಲ್ಲರೂ ಬಳಸುವ ಹಳದಿ ನಮ್ಮಲ್ಲಿ ‘ಆರ್ಡರ್ ಮಾಡಿ’ ಬಟನ್ನಿನ ಬಣ್ಣವೇ ಆಗಿತ್ತು. ಆದ್ದರಿಂದ ಗಿರಾಕಿಗಳ ಆ್ಯಪಿನಲ್ಲಿ ತುಂಬಿದ ಹಳದಿಯು ಬಟನ್ನಿಗೆ ಮಾತ್ರ ಮೀಸಲಾಯಿತು. ಎಚ್ಚರಿಕೆಗೆ ತಿಳಿ ಪೆಟ್ಟಿಗೆ, ಗಾಢ ಬರಹ, ತ್ರಿಕೋನದ ಗುರುತು. ಸಸ್ಯಾಹಾರ ಸೂಚಿಸುವ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ನಿಯಮದಿಂದ ಬಂದದ್ದು, ಅದು ನನ್ನ ಮೆಟ್ಟಿಲುಗಳಿಗೆ ಸೇರುವುದಿಲ್ಲ. ಅದರ ಅರ್ಥ ಕಲಸಿಹೋಗದಿರಲೆಂದು ಮೆನು ಪುಟದಲ್ಲಿ ಬೇರೆ ಹಸಿರನ್ನೇ ಬಳಸಲಿಲ್ಲ.

ಅಡುಗೆಮನೆಯ ಟ್ಯಾಬ್ಲೆಟ್ಟಿನಲ್ಲಿ ಹೊಸ ಆರ್ಡರ್, ಆಗುತ್ತಿರುವುದು, ತಯಾರಾದದ್ದು ಎಂಬ ಮೂರು ಸ್ಥಿತಿಗಳಿವೆ. ಒಂದೇ ಹೊಳಪಿನ ಕೆಂಪು, ಕಂದು, ಹಸಿರುಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟರೆ ಕೆಂಪು-ಹಸಿರು ವ್ಯತ್ಯಾಸ ಕಾಣದವರಿಗೆ ಮೂರೂ ಒಂದೇ. ಅದಕ್ಕಾಗಿ ಹೊಸ ಆರ್ಡರಿಗೆ ತುಂಬಿದ 0.78, ಆಗುತ್ತಿರುವುದಕ್ಕೆ 0.95, ತಯಾರಾದದ್ದಕ್ಕೆ 0.35ರ ಗಾಢ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಎಂದು ಹೊಳಪಿನಲ್ಲೇ ಬೇರ್ಪಡಿಸಿ, ಸ್ಥಿತಿಯ ಹೆಸರನ್ನೂ ಬರೆದೆ. ಸ್ಕ್ರೀನನ್ನು ಕಪ್ಪು-ಬಿಳಿಗೆ ತಿರುಗಿಸಿ ನೋಡಿದರೂ ಮೂರೂ ಬೇರೆಬೇರೆಯಾಗಿ ಕಂಡವು.

ಡಾರ್ಕ್ ಮೋಡ್ ಹೆಚ್ಚು ಶ್ರಮ ಕೇಳಲಿಲ್ಲ. 0.20ರ ಬೂದು ಹಿನ್ನೆಲೆಯ ಮೇಲೆ ಬೋರ್ಡಿನ ಹಳದಿಗೆ 9ರಷ್ಟು ಕಾಂಟ್ರಾಸ್ಟ್ ಇದ್ದುದರಿಂದ ಅಲ್ಲಿ ಅದೇ ಅಕ್ಷರದ ಬಣ್ಣವಾಯಿತು. ಕೋಡಿನಲ್ಲಿ ಬಣ್ಣಗಳಿಗೆ ‘ಹಳದಿ’ ಎಂಬಂಥ ಹೆಸರಿಡದೆ ‘ಪುಟದ ಹಿನ್ನೆಲೆ’, ‘ಬಟನ್ನಿನ ಅಕ್ಷರ’ ಎಂದು ಕೆಲಸದ ಹೆಸರಿಟ್ಟಿದ್ದರಿಂದ ಎರಡೂ ಮೋಡುಗಳಿಗೆ ಒಂದೇ ಪಟ್ಟಿ ಸಾಕಾಯಿತು. ಯಾವ ಬಣ್ಣದ ಮೇಲೆ ಯಾವುದನ್ನು ಇಡಬಹುದು ಎಂಬ ಜೋಡಿಗಳನ್ನು ಒಂದು ಫೈಲಿನಲ್ಲಿ ಬರೆದು, ಪ್ರತಿ ಬಿಡುಗಡೆಗೆ ಮುನ್ನ ಅವುಗಳ ಕಾಂಟ್ರಾಸ್ಟನ್ನು ತಾನಾಗಿ ಅಳೆಯುವ ಚಿಕ್ಕ ಸ್ಕ್ರಿಪ್ಟ್ ಸೇರಿಸಿದ್ದೇನೆ. ಒಂದು ಜೋಡಿ ಮಿತಿಗಿಂತ ಕೆಳಗಿಳಿದರೂ ಬಿಡುಗಡೆ ಅಲ್ಲಿಯೇ ನಿಲ್ಲುತ್ತದೆ.