ಅಮ್ಮನ ಜೋಗುಳದ ಕೆಳಗೆ 808

ಡ್ರಿಲ್ ಅನ್ನೋ ರ್ಯಾಪ್ ಶೈಲಿ ಅಂದರೆ ಮೊದಲು ನನಗೆ ಪಾಪ್ ಸ್ಮೋಕ್ ಒಬ್ಬನೇ. 2019ರಲ್ಲಿ ಬಂದ ಆ ನ್ಯೂಯಾರ್ಕ್ ಬ್ರೂಕ್ಲಿನ್ ಹುಡುಗನ ಗೊಗ್ಗರು ದನಿ, ಅದರ ಕೆಳಗೆ ಲಂಡನ್‌ನ ಬೀಟ್ (ಹಾಡಿನ ಹಿಂದಿನ ಸಂಗೀತ) ಮಾಡುವ 808ಮೆಲೊ ಹಾಕಿದ ಜಾರುವ ಬೇಸ್, ಅಷ್ಟೇ. ಆಮೇಲೆ 2021ರ ಹೊತ್ತಿಗೆ ಅದೇ ನ್ಯೂಯಾರ್ಕ್‌ನ ಬ್ರಾಂಕ್ಸ್ ಕಡೆಯವರು ಎಲ್ಲರಿಗೂ ಗೊತ್ತಿರುವ ಹಳೇ ಹಾಡುಗಳ ತುಣುಕನ್ನೇ ಎತ್ತಿ ಡ್ರಿಲ್ ಮಾಡತೊಡಗಿದರು. ಅವರಲ್ಲಿ ಬಿ-ಲವೀ ಎತ್ತಿದ್ದು ಗಾಯಕಿ ಮೇರಿ ಜೆ. ಬ್ಲೈಜ್ ಅವರ 1997ರ ಹಾಡನ್ನು. ತಮಾಷೆ ಅಂದರೆ ಆ ಹಾಡೇ ಸ್ಟೈಲಿಸ್ಟಿಕ್ಸ್ ತಂಡದ ಹಳೇ ಹಾಡಿನಿಂದ ಎತ್ತಿದ್ದು! ಹೀಗೇ ಹಾಡು ಎತ್ತಿ ಬೀಟ್ ಮಾಡುವ ಕ್ಯಾಶ್ ಕೋಬೇನ್‌ನ ಬೀಟ್‌ಗಳನ್ನು ಕೇಳಿದ ಮೇಲಂತೂ ನನಗೂ ಕೈ ತುರಿಸಿತು.

ಮೊದಲ ಸಲ ಒಂದು ಹಳೇ ಸಿನಿಮಾ ಹಾಡು ಕತ್ತರಿಸಿ ಹಾಕಿದೆ. ಅಪ್‌ಲೋಡ್ ಮಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ಕಾಪಿರೈಟ್ ಕ್ಲೇಮ್. ಸರಿ, ಅಮ್ಮನ ಹತ್ತಿರ ಜೋಗುಳ ಹಾಡಿಸಿ ಫೋನಲ್ಲೇ ರೆಕಾರ್ಡ್ ಮಾಡಿಕೊಂಡೆ. ಹಿಂದೆ ಕುಕ್ಕರ್ ಕೂಗಿದ್ದೂ ಸೇರಿಕೊಂಡಿತು.

ತೊಟ್ಟಿಲು ತೂಗುವ ಲಯ ಅಲ್ವಾ, ನಿಮಿಷಕ್ಕೆ ಸುಮಾರು 59 ಬೀಟ್ ಇತ್ತು. ಹಳೇ ಟೇಪನ್ನು ಜೋರಾಗಿ ಓಡಿಸಿದ ಹಾಗೆ ವೇಗ ಹೆಚ್ಚಿಸಿ ಸ್ವರವನ್ನು ಹಾರ್ಮೋನಿಯಂನ ಮೂರು ಮನೆ ಮೇಲೇರಿಸಿದರೆ 70ಕ್ಕೆ ಬಂತು. ಡ್ರಿಲ್‌ನ 140ರಲ್ಲಿ ಸರಿಯಾಗಿ ಅರ್ಧ! ಸ್ನೇರನ್ನು (ಚಟ್ ಅನ್ನೋ ಡ್ರಮ್ ಪೆಟ್ಟು) ನಾಲ್ಕು ಬೀಟಿನ ಮೊದಲ ಬಾರ್‌ನಲ್ಲಿ ಮೂರನೇ ಬೀಟಿಗೆ, ಎರಡನೇ ಬಾರ್‌ನಲ್ಲಿ ನಾಲ್ಕನೇ ಬೀಟಿಗೆ ಇಟ್ಟೆ. ಆ ಎರಡನೆಯದು ತಡವಾಗಿ ಬೀಳುತ್ತಲ್ಲ, ಡ್ರಿಲ್ ಎಡವಿದ ಹಾಗೆ ಕೇಳೋದು ಅದರಿಂದಲೇ.

ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಚೆನ್ನಾಗಿತ್ತು. ಗೆಳೆಯನ ಕಾರಲ್ಲಿ ಹಾಕಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ಎರಡು ದಿನ ಕಾರಣ ಹುಡುಕಿದೆ, 808 (ಆ ತಗ್ಗಿನ ಬೇಸ್ ಸದ್ದು) ಬದಲಿಸಿದೆ, ಅದನ್ನು ಒರಟು ಮಾಡುವ ಡಿಸ್ಟಾರ್ಷನ್ ತೆಗೆದೆ, ಉಪಯೋಗವಾಗಲಿಲ್ಲ. ಕೊನೆಗೆ ಹೊಳೆಯಿತು, ಅಮ್ಮ ಹಾಡಿದ್ದು ಶ್ರುತಿಪೆಟ್ಟಿಗೆ ಇಲ್ಲದೇ, ಅವಳ ಸ್ವರ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಎಲ್ಲೋ ಇದೆ. ನನ್ನ 808 ಮಾತ್ರ ಸರಿಯಾಗಿ ಮನೆ ಮೇಲೇ ಕೂತಿದೆ. ಲ್ಯಾಪ್‌ಟಾಪ್ ಸ್ಪೀಕರಿಗೆ ಅಷ್ಟು ತಗ್ಗಿನ ಸದ್ದು ಬರೋದೇ ಇಲ್ಲ, ಜಗಳ ಗೊತ್ತಾಗೋದು ಹೇಗೆ? ಅಮ್ಮನನ್ನು ಮುಟ್ಟಲಿಲ್ಲ. 808 ಅನ್ನೇ 40 ಸೆಂಟ್ (ಒಂದು ಮನೆಗೆ 100 ಸೆಂಟ್) ಏರಿಸಿದೆ. ಅವಳ ದನಿಯಲ್ಲಿ 200 ಹರ್ಟ್ಸ್ ಕೆಳಗಿದ್ದ ಗುಂಯ್ ಸದ್ದನ್ನೂ ಕತ್ತರಿಸಿದೆ. ಬೇಸ್ ಜಾರುವಾಗ ಅವಳು ಎಳೆದು ಹಾಡುವ ಜಾಗಕ್ಕೇ ಹೋಗಿ ನಿಲ್ಲುವಂತೆ ಸ್ಲೈಡ್ ಬರೆದೆ. ಇದಕ್ಕೇ ಒಂದು ಇಡೀ ಸಂಜೆ ಹೋಯಿತು, ಆದರೆ ಬೀಟಿನಲ್ಲಿ ನನಗೆ ನಿಜವಾಗಿ ಇಷ್ಟವಾಗೋದು ಅದೊಂದೇ ಜಾಗ.

ಅಮ್ಮನಿಗೆ ಕೇಳಿಸಿದೆ. "ಇದು ನಾನಾ? ಇಲಿಮರಿ ಹಾಡಿದ ಹಾಗಿದೆ. ಆ ಕುಕ್ಕರ್ ಸದ್ದಾದರೂ ತೆಗಿಯೋ" ಅಂದಳು. ತೆಗೆದಿಲ್ಲ. ತಡವಾಗಿ ಬೀಳೋ ಸ್ನೇರ್ ಜೊತೆಗೇ ಕೂಗುತ್ತೆ ಅದು.